ನರ್ಸಮ್ಮ ಓಡಿದರೆ ಯಾರಿಗೆ ಹೆರಿಗೆ?

ನಮ್ಮಕ್ಕ ಕದಿರಮ್ಮ ದೊಡ್ಡಬೆಳವಂಗಲದ ಸುತ್ತಿನ ಹನ್ನೊಂದು ಊರಿಗೆ ನರ್ಸಮ್ಮ. ಸರ್ಕಾರದ ಕಾಗದದಲ್ಲಿ ಅವಳ ಹುದ್ದೆಗೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಅದು ಊರಿನವರ ಬಾಯಲ್ಲಿ ತಿರುಗುತ್ತಿರಲಿಲ್ಲ, ಅವಳಿಗೂ ಬೇಕಿರಲಿಲ್ಲ. ಆ ಹನ್ನೊಂದು ಊರುಗಳಲ್ಲಿ ಹನ್ನೆರಡು ವರ್ಷದಿಂದ ಹುಟ್ಟಿದ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಮುಕ್ಕಾಲು ಪಾಲಿನ ಹೊಕ್ಕುಳಬಳ್ಳಿ ಕತ್ತರಿಸಿದವಳು ಅವಳೇ. ದಾರಿಯಲ್ಲಿ ಯಾವ ಹುಡುಗ ಎದುರಾದರೂ "ನೀನು ಕಾಲು ಮುಂದಾಗಿ ಬಂದೋನಲ್ವೇನೋ?" ಎಂದು ಎಲ್ಲರ ಎದುರಿಗೇ ಕೇಳಿಬಿಡುವಳು. ಹುಡುಗ ನಾಚಿಕೊಂಡು ಓಡಿಹೋಗುವನು.

ಅಕ್ಕ ಎಂಬತ್ತಾರು ಕೆಜಿ ಇದ್ದಳು. ಇದರಲ್ಲಿ ಅವಳ ತಪ್ಪು ಕಡಿಮೆ, ಹನ್ನೊಂದು ಊರಿನ ತಪ್ಪು ಹೆಚ್ಚು. ಹೆರಿಗೆಯ ಮನೆಯವರು ಗಾಡಿ ಕಟ್ಟಿಕೊಂಡು ಬಂದು ಕರೆದೊಯ್ಯುತ್ತಿದ್ದರು, ಹೆರಿಗೆಯಾದ ಮೇಲೆ ಬಾಣಂತಿಗೆ ಮಾಡಿದ ತುಪ್ಪದ ಅನ್ನದಲ್ಲಿ ಅರ್ಧ ಪಾಲು ಇವಳಿಗೆ ಬಡಿಸುತ್ತಿದ್ದರು, ಮತ್ತೆ ಗಾಡಿಯಲ್ಲೇ ಬಿಟ್ಟು ಹೋಗುತ್ತಿದ್ದರು. ನಾಮಕರಣಕ್ಕೆ ಒಬ್ಬಟ್ಟು ಬೇರೆ. ಬೇಡ ಎಂದರೆ ಮಗುವಿಗೆ ಏಳಿಗೆ ಇಲ್ಲ ಎನ್ನುವ ಜನ. ಭಾವ ಮಿಲಿಟರಿಯಲ್ಲಿ ಅಡುಗೆಯವರು, ವರ್ಷಕ್ಕೊಂದು ಸಲ ಬಂದು ಹೋಗುವವರು. ಬಂದಾಗಲೂ ಅವರು ಅಡುಗೆಯನ್ನೇ ಮಾಡುತ್ತಿದ್ದರು.

ಇನ್ನು ನನ್ನ ವಿಷಯ. ನನ್ನ ಹೆಸರು ಆವಲಪ್ಪ. ದೊಡ್ಡಬಳ್ಳಾಪುರದ ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಗುಮಾಸ್ತ. ಹಳೇ ಕಡತಗಳ ನಡುವೆ ಕುರ್ಚಿ ಹಾಕಿಕೊಂಡು ಕೂತರೆ ಮಧ್ಯಾಹ್ನದ ಬೋಂಡಾಕ್ಕೆ ಮಾತ್ರ ಏಳುತ್ತಿದ್ದೆ. ಮೂವತ್ತೆರಡನೇ ವಯಸ್ಸಿಗೆ ನನ್ನ ಕಾಲಿನ ಹೆಬ್ಬೆರಳನ್ನು ನಾನು ನೋಡಿ ಎರಡು ವರ್ಷವಾಗಿತ್ತು. ಹೆಂಡತಿ ಆಗ ಬಾಣಂತನಕ್ಕೆ ಅನುಗೊಂಡನಹಳ್ಳಿಯ ತವರಿಗೆ ಹೋಗಿದ್ದಳು. ಮನೆಯಲ್ಲಿ ಅಮ್ಮ, ಅಕ್ಕ, ನಾನು. ಮುದ್ದೆಯ ಗಾತ್ರದ ಬಗ್ಗೆ ಕೇಳುವವರಿರಲಿಲ್ಲ.

ಎಪ್ಪತ್ಮೂರನೇ ಇಸವಿಯ ದಸರಾ ಕಳೆದಿತ್ತು. ಅಕ್ಕನ ಇಲಾಖೆಗೆ ಹೊಸ ಡಾಕ್ಟರು ಬಂದರು. ನನಗಿಂತ ಚಿಕ್ಕವರು. ಬೆಳಿಗ್ಗೆ ಎದ್ದು ಮಾಕಳಿದುರ್ಗದ ಬೆಟ್ಟ ಓಡಿಕೊಂಡೇ ಹತ್ತಿ ಇಳಿದು, ಸ್ನಾನ ಮಾಡಿ, ಒಂಬತ್ತು ಗಂಟೆಗೆ ಆಫೀಸಿನಲ್ಲಿರುತ್ತಿದ್ದರು ಎಂದರೆ ಎಂಥವರು ಎಂದು ತಿಳಿದುಕೊಳ್ಳಿ. ಅವರು ಬಂದ ತಿಂಗಳೇ ಸಿಬ್ಬಂದಿಯನ್ನೆಲ್ಲ ತಕ್ಕಡಿಯ ಮೇಲೆ ನಿಲ್ಲಿಸಿದರು, ಮೆಟ್ಟಿಲು ಹತ್ತಿಸಿ ಇಳಿಸಿದರು, ನಾಡಿ ಹಿಡಿದರು. ನಮ್ಮಕ್ಕನ ಕಾಗದದಲ್ಲಿ ಒಂದೇ ಪದ ಬರೆದರು: ಅನ್‌ಫಿಟ್. ಹಳ್ಳಿ ತಿರುಗುವ ಕೆಲಸಕ್ಕೆ ಈಕೆ ಆಗುವುದಿಲ್ಲ, ಪಟ್ಟಣದ ಆಸ್ಪತ್ರೆಯ ಉಗ್ರಾಣದಲ್ಲಿ ಕೂತು ಹತ್ತಿ, ಬಟ್ಟೆ ಎಣಿಸಿಕೊಂಡಿರಲಿ ಎಂದು ಅದರ ಅರ್ಥ.

ಅಕ್ಕ ಅವತ್ತು ಮನೆಗೆ ಬಂದು ಆ ಕಾಗದವನ್ನು ನನ್ನ ಕೈಗಿಟ್ಟು ಜಗುಲಿಯ ಮೇಲೆ ಕೂತಳು. ಅಮ್ಮ, ಹೆಸರು ಅಮ್ಮಯಮ್ಮ, ಕಿವಿ ಸ್ವಲ್ಪ ಮಂದ. ಏನಾಯಿತೆಂದು ನನ್ನನ್ನು ಕೇಳಿದಳು. "ಅಕ್ಕ ಅನ್‌ಫಿಟ್ ಅಂತೆ" ಎಂದೆ.

"ಅಯ್ಯೋ ನನ್ನ ತಾಯಿ! ಫಿಟ್ಸಾ?" ಎಂದವಳೇ ಒಳಗೆ ಓಡಿ ಬೀಗದ ಕೈ ಗೊಂಚಲು ತಂದು ಅಕ್ಕನ ಅಂಗೈಗೆ ಒತ್ತಿದಳು. ಅಕ್ಕ ಬೇಡವೆಂದಷ್ಟೂ ಅಮ್ಮ ಗಟ್ಟಿಯಾಗಿ ಹಿಡಿದಳು. ಪಕ್ಕದ ಮನೆಯವರು ಈರುಳ್ಳಿ ಜಜ್ಜಿಕೊಂಡು ಬಂದರು. ಆ ಗಲಾಟೆಯಲ್ಲಿ ಅಕ್ಕ ಅಳಬೇಕೆಂದಿದ್ದದ್ದು ಮರೆತೇಹೋಯಿತು. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಡಾಕ್ಟರ ಮುಂದೆ ನಿಂತಳು.

"ಸಾರ್, ಹನ್ನೊಂದು ಊರಲ್ಲಿ ಈಗ ಹದಿನೇಳು ಜನ ಬಸುರಿಯರಿದ್ದಾರೆ. ಯಾರಿಗೆ ಯಾವ ತಿಂಗಳು ಅಂತ ನನ್ನ ತಲೇಲಿದೆ. ನಾನು ಉಗ್ರಾಣದಲ್ಲಿ ಕೂತ್ರೆ ಅವರ ಗತಿ ಏನು?"

ಡಾಕ್ಟರು ಕೆಟ್ಟವರಲ್ಲ. "ನೋಡಿ ಕದಿರಮ್ಮನೋರೇ, ನಾಳೆ ನೀವೇ ಯಾವುದೋ ಹೊಲದ ಬದುವಿನ ಮೇಲೆ ಎದೆ ಹಿಡ್ಕೊಂಡು ಕೂತ್ರೆ ಆಗ ಆ ಹದಿನೇಳು ಜನದ ಗತಿ ಏನು?" ಎಂದರು. ಅದೂ ಸರಿಯೇ. ಆಮೇಲೆ ಗೋಡೆಗೆ ಅಂಟಿಸಿದ್ದ ಕಾಗದ ತೋರಿಸಿದರು. ಅವರೇ ಕಟ್ಟಿದ ಕ್ರೀಡಾ ಸಂಘ, ಸಂಕ್ರಾಂತಿ ಕಳೆದ ಭಾನುವಾರ ಮ್ಯಾರಥಾನ್ ಓಟ, ಇಪ್ಪತ್ತಾರು ಮೈಲಿ, ಬೆಳಿಗ್ಗೆ ಆರಕ್ಕೆ ಶುರು, ಮಧ್ಯಾಹ್ನ ಎರಡಕ್ಕೆ ಮುಕ್ತಾಯ. "ನಾನೂ ಓಡ್ತೀನಿ. ಎರಡು ಗಂಟೆಯೊಳಗೆ ನೀವು ಇದನ್ನ ಮುಗಿಸಿದ್ರೆ ಆ ಕಾಗದ ಹರಿದು ಹಾಕ್ತೀನಿ. ಇಲ್ಲದಿದ್ರೆ ಸೋಮವಾರ ಬಂದು ಹಳ್ಳಿಗೆ ಒಯ್ಯೋ ಹೆರಿಗೆ ಬ್ಯಾಗು ಒಪ್ಪಿಸಿಬಿಡಿ. ಆದ್ರೆ ಹೆಂಗಸು ಒಬ್ಬರೇ ರಸ್ತೇಲಿ ಓಡೋದು..." ಎಂದು ರಾಗ ಎಳೆದರು.

"ಒಬ್ಬಳೇ ಯಾಕೆ ಸಾರ್? ನನ್ನ ತಮ್ಮನೂ ಓಡ್ತಾನೆ."

ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎನ್ನುವುದು ಇದಕ್ಕೇ. ಆ ಹೊತ್ತಿನಲ್ಲಿ ತಮ್ಮ ಅರ್ಧ ಫರ್ಲಾಂಗ್ ಆಚೆ ಬೋಂಡಾ ತಿನ್ನುತ್ತಿದ್ದ. ಸಂಜೆ ಸುದ್ದಿ ಕೇಳಿ ನಾನು ಕೂಗಾಡಿದೆ. "ನನ್ನನ್ನ ಕೇಳದೆ ಹೆಂಗೆ ಒಪ್ಕೊಂಡೆ? ನಾನೇನು ಎತ್ತಾ, ಗಾಡಿಗೆ ಕಟ್ಟೋಕೆ?"

"ಎತ್ತಾಗಿದ್ರೆ ಇಷ್ಟು ಹೊತ್ತಿಗೆ ಯಾರೋ ಮಾರಿಬಿಡ್ತಿದ್ರು ಬಿಡು, ಕೆಲಸಕ್ಕೆ ಬರಲ್ಲ ಅಂತ" ಎಂದಳು ಅಕ್ಕ. ಅಮ್ಮ ಮಧ್ಯೆ ಬಾಯಿ ಹಾಕಿ "ಮಾರಾಟವಾ? ಯಾವ ಸಂತೇಲಿ? ಏನು ಮಾರ್ತಾರೆ?" ಎಂದಳು. ಮ್ಯಾರಥಾನ್ ಅಮ್ಮನ ಬಾಯಲ್ಲಿ ಕೊನೆಯವರೆಗೂ ಮಾರಾಟವಾಗಿಯೇ ಉಳಿಯಿತು. ನನ್ನ ಕೂಗಾಟ ನಿಂತದ್ದು ಅಕ್ಕನ ಮುಖ ನೋಡಿ. ತಮಾಷೆ ಮಾಡುತ್ತಿದ್ದಳೇ ಹೊರತು ಕಣ್ಣು ಕೆಂಪಗಿತ್ತು. ಆ ಹನ್ನೊಂದು ಊರು ಹೋದರೆ ಅವಳ ಬಳಿ ಉಳಿಯುವುದು ತೂಕವೊಂದೇ ಎಂದು ನನಗೆ ಅರ್ಥವಾಯಿತು. ಸರಿ ಎಂದೆ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಶುರುಮಾಡಿದೆವು. ಅಕ್ಕನ ಕಾಲಿಗೆ ಭಾವ ತಂದಿಟ್ಟಿದ್ದ ಮಿಲಿಟರಿ ಕ್ಯಾನ್ವಾಸ್ ಶೂ, ಮುಂದೆ ಹತ್ತಿ ತುರುಕಿ ಗಾತ್ರ ಸರಿಮಾಡಿದ್ದು. ಮೈಗೆ ಡ್ಯೂಟಿಯ ಬಿಳಿ ಸೀರೆ, ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದ್ದಳು. ನನಗೆ ಪಂಚೆಯನ್ನು ಮೇಲಕ್ಕೆ ಎತ್ತಿ ಕಟ್ಟಿದ್ದೇ ಗತಿ. ಊರ ಬಾಗಿಲು ದಾಟಿ ದೊಡ್ಡಬಳ್ಳಾಪುರದ ರಸ್ತೆಗೆ ಬಿದ್ದು ಇನ್ನೂರು ಹೆಜ್ಜೆ ಓಡಿರಬಹುದು, ಹಿಂದಿನಿಂದ ಹೆಜ್ಜೆ ಸಪ್ಪಳ ಕೇಳಿಸಿತು. ತಿರುಗಿ ನೋಡಿದರೆ ನಾಲ್ಕು ಜನ ಹೆಂಗಸರು, ಒಬ್ಬಳ ಕೈಯಲ್ಲಿ ಬಿಸಿನೀರಿನ ಚೆಂಬು, ಇನ್ನೊಬ್ಬಳ ಕೈಯಲ್ಲಿ ಹಳೇ ಬಟ್ಟೆಯ ಗಂಟು.

"ಯಾರಿಗೆ ನೋವು ಬಂತು ನರ್ಸಮ್ಮ? ಯಾವ ಮನೆ?" ಎಂದು ಏದುಸಿರು ಬಿಡುತ್ತಾ ಕೇಳಿದರು.

"ಯಾರಿಗೂ ಇಲ್ಲ ಕಣ್ರಮ್ಮ. ಸುಮ್ನೆ ಓಡ್ತಾ ಇದೀವಿ."

"ಸುಮ್ನೆ ಯಾರಾದ್ರೂ ಓಡ್ತಾರಾ? ಹೇಳಬಾರದ ಮನೆ ಇರಬೇಕು."

ಈ ಕೊನೆಯ ಮಾತು ಊರೆಲ್ಲ ಹಬ್ಬಿತು. ನರ್ಸಮ್ಮ ಗುಟ್ಟಾಗಿ ಹೆರಿಗೆ ಮಾಡಿಸಲು ಓಡಿದಳಂತೆ, ಯಾರ ಮನೆಯದು ಎಂದು ಮೂರು ದಿನ ಲೆಕ್ಕ ಹಾಕಿದರು. ಮದುವೆಯಾಗದ ಹೆಣ್ಣುಮಕ್ಕಳಿದ್ದ ಮನೆಯವರು ನಾಲ್ಕನೇ ದಿನ ನಮ್ಮ ಜಗುಲಿಗೆ ಜಗಳಕ್ಕೆ ಬಂದರು. ಅವರಲ್ಲಿ ದೊಡ್ಡಮುನಿಯಪ್ಪ ಎಂಬ ಹಿರಿಯರು ನ್ಯಾಯ ಹೇಳಿದರು: "ನೋಡವ್ವ ಕದಿರಮ್ಮ, ಬಿಳಿ ಸೀರೆ ಉಟ್ಟು ಓಡಿದ್ರೆ ಹೆರಿಗೆ. ಬಣ್ಣದ ಸೀರೆ ಉಟ್ಟು ಓಡಿದ್ರೆ ನಿನ್ನ ಆಟ. ಹಿಂಗೆ ಕಟ್ಟುಮಾಡ್ಕೊಂಬಿಡು. ಜನ ನೆಮ್ಮದಿಯಾಗಿರ್ತಾರೆ." ಅಂದಿನಿಂದ ಅಕ್ಕ ಹಸಿರು ಹೂವಿನ ಸೀರೆ ಉಟ್ಟೇ ಓಡಿದಳು. ಹೊಲಕ್ಕೆ ಹೋಗುವವರು ದೂರದಿಂದಲೇ ಸೀರೆ ನೋಡಿ "ಹೆರಿಗೆ ಅಲ್ಲ, ಆಟ" ಎಂದು ಒಬ್ಬರಿಗೊಬ್ಬರು ಕೂಗಿ ಹೇಳುತ್ತಿದ್ದರು.

ಮೊದಲ ದಿನ ನಾವು ಮೊದಲನೇ ಮೈಲಿಕಲ್ಲನ್ನೂ ಮುಟ್ಟಲಿಲ್ಲ. ನಾನು ಹೊಂಗೆ ಮರದ ಕೆಳಗೆ ಮಲಗಿಬಿಟ್ಟೆ, ಅಕ್ಕ ಪಕ್ಕದಲ್ಲಿ ಕೂತು ನನ್ನ ನಾಡಿ ಹಿಡಿದು "ಬದುಕ್ತೀಯ ಬಿಡು" ಎಂದಳು. ಒಂದು ವಾರಕ್ಕೆ ಒಂದು ಕಲ್ಲು ಮುಟ್ಟಿ ಬಂದೆವು. ಹದಿನೈದು ದಿನಕ್ಕೆ ಎರಡು. ಓಡುವುದು, ನಡೆಯುವುದು, ಮತ್ತೆ ಓಡುವುದು. ಮೈಯೆಲ್ಲ ನೋವು. ಕಚೇರಿಯಲ್ಲಿ ಮೇಲಿನ ಕಪಾಟಿನ ಕಡತ ತೆಗೆಯಲು ಹೋಗಿ ಏಣಿಯ ಮೇಲೇ ಕಾಲು ಹಿಡಿದುಕೊಂಡು, ಇಳಿಸಲು ಇಬ್ಬರು ಜವಾನರು ಬರಬೇಕಾಯಿತು. ಇಷ್ಟಾದರೂ ಅವರೆಕಾಯಿ ಕಾಲ ಬಂದಾಗ ನನ್ನ ಸಂಯಮ ಹಾರಿಹೋಯಿತು. ಹಿತಕಿದ ಬೇಳೆ ಸಾರಿನ ಮುಂದೆ ಯಾವ ಡಾಕ್ಟರೂ ಇಲ್ಲ, ಯಾವ ಓಟವೂ ಇಲ್ಲ. ಅಕ್ಕ ಬೈದಳು, ಆಮೇಲೆ ಅವಳೂ ಎರಡು ಸಲ ಹಾಕಿಸಿಕೊಂಡಳು.

ನಿಜ ಹೇಳಬೇಕೆಂದರೆ ಆ ಮೂರು ತಿಂಗಳು ನನಗೆ ಇಷ್ಟವಾಗಿಬಿಟ್ಟಿತು. ಚಿಕ್ಕವರಿದ್ದಾಗ ಬಿಟ್ಟರೆ ಅಕ್ಕನೂ ನಾನೂ ಅಷ್ಟು ಹೊತ್ತು ಜೊತೆಗಿದ್ದದ್ದೇ ಇಲ್ಲ. ಮಂಜು ಕವಿದ ರಸ್ತೆಯಲ್ಲಿ ಅವಳು ಏದುಸಿರಿನ ನಡುವೆ ಒಂದೊಂದು ಊರಿನ ಕಥೆ ಹೇಳುವಳು. ಯಾವ ಮನೆಯಲ್ಲಿ ಅವಳಿ ಹುಟ್ಟಿತು, ಯಾವ ಅತ್ತೆ ಸೊಸೆಗೆ ನೀರು ಕೊಡದೆ ಬೈಸಿಕೊಂಡಳು, ಯಾವ ಮಗು ಹುಟ್ಟಿ ಅಳದೆ ಇದ್ದಾಗ ಇವಳೇ ಅತ್ತಳು. ನಮ್ಮ ಮನೆಯಲ್ಲೇ ಇಂಥ ಹೆಂಗಸು ಇದ್ದಾಳೆ ಎಂದು ನನಗೆ ಗೊತ್ತೇ ಇರಲಿಲ್ಲ.

ಹೊಸ ವರ್ಷದ ಮೊದಲ ಭಾನುವಾರ ನಾವು ದೊಡ್ಡಬಳ್ಳಾಪುರದ ಕಡೆಗೆ ಹದಿಮೂರು ಮೈಲಿಕಲ್ಲು ಹೋಗಿ, ಹದಿಮೂರು ಕಲ್ಲು ವಾಪಸು ಬಂದೆವು. ಒಟ್ಟು ಇಪ್ಪತ್ತಾರು. ಐದೂವರೆ ಗಂಟೆ ಹಿಡಿಯಿತು. ಅಂದರೆ ಆರು ಗಂಟೆಗೆ ಹೊರಟರೆ ಹನ್ನೊಂದೂವರೆಗೆ ಮುಗಿಯುತ್ತದೆ, ಎರಡು ಗಂಟೆಗೆ ಬೇಕಾದಷ್ಟು ಸಮಯ. ಅಮ್ಮ ಪಾಯಸ ಮಾಡಿದಳು. ಅಕ್ಕ ಹದಿನೇಳು ಬಸುರಿಯರ ಪುಸ್ತಕ ತೆಗೆದು ಫೆಬ್ರವರಿ, ಮಾರ್ಚಿಗೆ ಯಾರು ಯಾರು ಎಂದು ಗುರುತು ಹಾಕಲು ಕೂತಳು. ಆ ಊರುಗಳು ತನಗೇ ಉಳಿದವು ಎಂದು ಅವಳಿಗೆ ಖಾತ್ರಿಯಾಗಿತ್ತು.

ಓಟದ ದಿನ ದೊಡ್ಡಬಳ್ಳಾಪುರದ ಶಾಲೆಯೊಂದರ ಮೈದಾನದಲ್ಲಿ ಮೂವತ್ತು ಜನ ಸೇರಿದ್ದರು. ಬೆಂಗಳೂರು ರಸ್ತೆಯಲ್ಲಿ ಅರ್ಧ ದೂರ ಹೋಗಿ ತಿರುಗಿ ಬರಬೇಕು. ತಿರುಗುವ ಕಡೆ ಒಂದು ಮೇಜು, ನೀರು, ನಿಂಬೆಹಣ್ಣು ಇಟ್ಟಿರುತ್ತಾರೆ. ಡಾಕ್ಟರು ಚಡ್ಡಿ ಹಾಕಿಕೊಂಡು ಮೈಕಿನಲ್ಲಿ ಇಂಗ್ಲಿಷು ಬೆರೆಸಿ ಇನ್ನೂ ಏನೇನೋ ಹೇಳಿದರು. ನಾವು ಹಿಂದೆ ನಿಂತಿದ್ದೆವು, ಕೇಳಿಸಲಿಲ್ಲ. ಸೀಟಿ ಊದಿದ್ದೇ ತಡ ಇಪ್ಪತ್ತೆಂಟು ಜನ ಕಣ್ಣಿಗೆ ಕಾಣದಂತೆ ಹೊರಟುಹೋದರು. ಉಳಿದವರು ನಾವಿಬ್ಬರೇ. "ಅವರ ಪಾಡು ಅವರಿಗೆ, ನೀನು ಕಲ್ಲು ಎಣಿಸು" ಎಂದಳು ಅಕ್ಕ.

ಒಂದೊಂದು ಕಲ್ಲೂ ಸಲೀಸಾಗಿ ಬಂತು. ಮಾರಸಂದ್ರ ದಾಟಿದೆವು. ಎಂಟೂವರೆಗೆ ಹದಿಮೂರನೇ ಕಲ್ಲು ಮುಟ್ಟಿದೆವು. ಅಲ್ಲಿ ಮೇಜೂ ಇಲ್ಲ, ನಿಂಬೆಹಣ್ಣೂ ಇಲ್ಲ. ಒಂದು ಟೀ ಅಂಗಡಿ, ಅದರ ಮುಂದೆ ಅದರ ಮಾಲೀಕ ಚಿಕ್ಕವೆಂಕಟಪ್ಪ ಸೌದೆ ಒಡೆಯುತ್ತಿದ್ದ.

"ಏನಪ್ಪಾ, ಓಟದೋರು ತಿರುಗೋ ಜಾಗ ಇದೇ ಅಲ್ವಾ?" ಎಂದು ಕೇಳಿದೆ.

"ಇಲ್ಲಿ ಯಾಕೆ ತಿರುಗ್ತಾರೆ ಗುರು? ಜೀಪಿನೋರು ಬೆಳಿಗ್ಗೆ ಟೀ ಕುಡಿದು ಮುಂದಕ್ಕೆ ಹೋದ್ರು. ಇನ್ನೂ ಎಂಟು ಕಲ್ಲು ಆಚೆ, ಇಪ್ಪತ್ತೊಂದನೇ ಕಲ್ಲಿನ ಹತ್ರ ಮೇಜು ಹಾಕ್ತಾರಂತೆ."

"ಇಪ್ಪತ್ತೊಂದಾ? ಇಪ್ಪತ್ತಾರು ಮೈಲಿ ಓಟ. ಅದರಲ್ಲಿ ಅರ್ಧ ಹದಿಮೂರಲ್ವಾ?"

"ಮೈಲಿ ಲೆಕ್ಕದಲ್ಲಿ ಹದಿಮೂರು. ಕಲ್ಲು ಕಿಲೋಮೀಟರಿಂದು ಅಲ್ವಾ?" ಎಂದು ಚಿಕ್ಕವೆಂಕಟಪ್ಪ ಸೌದೆ ಬಿಟ್ಟು ಎದ್ದು ಬಂದು ಕಲ್ಲಿನ ಮೇಲೆ ಕೈಯಿಟ್ಟ. "ಮೈಲಿಯ ಕಲ್ಲುಗಳನ್ನೆಲ್ಲ ಕಿತ್ತು ಎಷ್ಟು ವರ್ಷ ಆಯ್ತು! ಇದು ಕಿಲೋಮೀಟರ್ ಕಲ್ಲು. ನಾವು ಬಾಯಿಮಾತಿಗೆ ಮೈಲಿಕಲ್ಲು ಅಂತೀವಿ ಅಷ್ಟೆ. ಇಪ್ಪತ್ತಾರು ಮೈಲಿ ಅಂದ್ರೆ ನಲವತ್ತೆರಡು ಕಲ್ಲು ಕಣಪ್ಪ."

ಕಲ್ಲು ಬದಲಾಯಿಸಿದ ಆದೇಶದ ಕಡತ ನನ್ನ ರೆಕಾರ್ಡ್ ರೂಮಿನಲ್ಲೇ ಇತ್ತು. ನಾನೇ ಅದಕ್ಕೆ ದಾರ ಕಟ್ಟಿ ಎಡಗಡೆ ಮೂರನೇ ಕಪಾಟಿನಲ್ಲಿಟ್ಟವನು. ದೀಪದ ಬುಡದಲ್ಲೇ ಕತ್ತಲೆ. ತೂಕಕ್ಕೆ ಸೇರು ಬಿಟ್ಟು ಕೆಜಿ ಹಿಡಿದೆವು, ದೂರಕ್ಕೆ ಮಾತ್ರ ನಾವು, ನಮ್ಮೂರು, ನಮ್ಮ ಹನ್ನೊಂದು ಹಳ್ಳಿ ಎಲ್ಲವೂ ಕಿಲೋಮೀಟರಿನ ಕಲ್ಲು ನೋಡಿ ಮೈಲಿ ಎನ್ನುತ್ತ ಕೂತಿದ್ದೆವು. ಮೂರು ತಿಂಗಳು ನಾವು ಕಲಿತದ್ದು ಮುಕ್ಕಾಲು ಮ್ಯಾರಥಾನೂ ಅಲ್ಲ.

ಅಕ್ಕ ಕಲ್ಲಿನ ಮೇಲೆ ಕೂತುಬಿಟ್ಟಳು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಇನ್ನೂ ಇಪ್ಪತ್ತೊಂಬತ್ತು ಕಲ್ಲು. ಎರಡು ಗಂಟೆಯೊಳಗೆ ಮುಗಿಯುವ ಮಾತಲ್ಲ. ಚಿಕ್ಕವೆಂಕಟಪ್ಪ ಟೀ ಕಾಯಿಸಲು ಒಳಗೆ ಹೋದ ಮೇಲೆ ಅಕ್ಕನ ಕಿವಿಯ ಹತ್ತಿರ ಬಗ್ಗಿ ಹೇಳಿದೆ:

"ಅಕ್ಕ, ಮೇಜಿನ ಹತ್ರ ಬರೀ ನೀರು ಕೊಡ್ತಾರಂತೆ, ಹೆಸರು ಬರ್ಕೊಳ್ಳಲ್ಲ. ಇಲ್ಲೇ ತಿರುಗೋಣ. ಹನ್ನೊಂದೂವರೆಗೆ ಊರಲ್ಲಿರ್ತೀವಿ. ಮೂವತ್ತು ಜನದಲ್ಲಿ ಯಾರು ಎಲ್ಲಿ ತಿರುಗಿದ್ರು ಅಂತ ಯಾರು ನೋಡ್ತಾರೆ? ನಿನ್ನ ಊರು ನಿನಗೆ ಉಳೀತವೆ."

ಅವಳು ಬೈಯಲಿಲ್ಲ. ಆಸೆಯಾಯಿತು ಎಂದು ಮುಖದಲ್ಲೇ ಕಾಣುತ್ತಿತ್ತು. ನಾವು ಬಂದ ದಾರಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಶೂ ದಾರ ಬಿಗಿ ಮಾಡಿಕೊಂಡಳು.

"ಲೇ ಆವ್ಲ, ಎರಡು ಕೆಜಿ ಮಗೂನ ಮೂರು ಕೆಜಿ ಅಂತ ಪುಸ್ತಕದಲ್ಲಿ ಬರೆದ್ರೆ ಮಗು ದಪ್ಪ ಆಗುತ್ತೇನೋ? ಹನ್ನೆರಡು ವರ್ಷದಲ್ಲಿ ಒಂದು ಸಲಾನೂ ಹಂಗೆ ಬರೆದಿಲ್ಲ. ಏಳು."

"ಹೊತ್ತು ಮೀರುತ್ತೆ ಅಕ್ಕ. ಊರು ಹೋಗ್ತವೆ."

"ಹೋದ್ರೆ ಹೋಗ್ಲಿ. ಏಳೋ ಅಂದ್ರೆ."

ಇಬ್ಬರೂ ಟೀ ಕುಡಿದು ಎದ್ದೆವು. ರಾಜಾನುಕುಂಟೆಯ ಹತ್ತಿರ ಡಾಕ್ಟರು ಎದುರಿಗೆ ವಾಪಸು ಬರುತ್ತಿದ್ದರು, ಮುಖ ಕೆಂಪಾಗಿ, ಹಲ್ಲು ಕಚ್ಚಿಕೊಂಡು. ನಮ್ಮನ್ನು ನೋಡಿ "ಇನ್ನೂ ಇಲ್ಲೇನಾ? ಸಾಕು ಕದಿರಮ್ಮನೋರೇ, ಬಸ್ ಹತ್ತಿ!" ಎಂದು ಕೂಗಿಕೊಂಡೇ ಹೋದರು. ಅಕ್ಕ ಕೈ ಮುಗಿದು ಮುಂದೆ ನಡೆದಳು. ಇಪ್ಪತ್ತೊಂದನೇ ಕಲ್ಲಿನ ಹತ್ತಿರ ಹೋದಾಗ ಮೇಜು ಎತ್ತಿ ಜೀಪಿಗೆ ಹಾಕುತ್ತಿದ್ದರು. ಉಳಿದಿದ್ದ ಒಂದು ನಿಂಬೆಹಣ್ಣನ್ನು ಹಲ್ಲಿನಲ್ಲಿ ಸೀಳಿ ಹಂಚಿಕೊಂಡೆವು. ಆ ಜೀಪಿನಲ್ಲೇ ಬನ್ನಿ ಎಂದು ಕರೆದರು. ನಾನು ಒಂದು ಕಾಲು ಎತ್ತಿದ್ದೆ, ಅಕ್ಕ ನನ್ನ ಪಂಚೆ ಹಿಡಿದು ಇಳಿಸಿದಳು.

ಆಮೇಲಿನದು ಓಟವಲ್ಲ, ನಡಿಗೆ. ಬಿಸಿಲು ನೆತ್ತಿಗೆ ಬಂತು. ನಮ್ಮ ಎಣಿಕೆಯ ಮೂವತ್ತೈದನೇ ಕಲ್ಲಿನಲ್ಲಿ ನಾನು ಕುಸಿದೆ. ನನ್ನ ಕೈಲಾಗದು, ನೀನು ಹೋಗು ಎಂದು ಅತ್ತೇಬಿಟ್ಟೆ. ಅಕ್ಕ ಪಕ್ಕದಲ್ಲಿ ಕೂತು ಬೆನ್ನು ನೀವಿದಳು. ಆಗ ಅವಳ ಬಾಯಿಂದ ಬಂದದ್ದು ಅಕ್ಕನ ದನಿಯಲ್ಲ, ಹೆರಿಗೆಕೋಣೆಯ ದನಿ.

"ಉಸಿರು ಎಳ್ಕೊ. ಬಿಡು. ನಿಧಾನಕ್ಕೆ. ಎಲ್ಲಾರಿಗೂ ಈ ಹೊತ್ತಲ್ಲಿ ಹಿಂಗೇ ಅನ್ಸುತ್ತೆ, ಆಗಲ್ಲ ಅಂತ. ಆಗುತ್ತೆ. ಏಳು, ಇನ್ನೊಂದು ಸಲ. ಬಲ ಹಾಕಿ ಮುಕ್ಕು!"

ಮುಂದಿನ ಏಳು ಕಲ್ಲೂ ಹೀಗೇ. ಒಂದೊಂದು ಏರಿಗೂ "ಮುಕ್ಕು, ಮುಕ್ಕು" ಎಂದು ಆಕೆ, ನರಳುತ್ತ ನಾನು. ಎದುರಿಗೆ ಬಂದ ಗಾಡಿಯವನೊಬ್ಬ ಎತ್ತು ನಿಲ್ಲಿಸಿ, ನನ್ನ ಹೊಟ್ಟೆಯನ್ನೂ ಅಕ್ಕನ ಮುಖವನ್ನೂ ನೋಡಿ ಬೆಪ್ಪಾಗಿ ನಿಂತ. ದೊಡ್ಡಬಳ್ಳಾಪುರದ ನೀರಿನ ಟ್ಯಾಂಕು ದೂರದಲ್ಲಿ ಕಂಡಾಗ ಅಕ್ಕ ಅಭ್ಯಾಸಬಲದಿಂದ ಕೂಗಿದಳು: "ಬಂತು ಬಂತು, ತಲೆ ಕಾಣ್ತಾ ಇದೆ!" ಇಬ್ಬರಿಗೂ ನಗು ಬಂದು ರಸ್ತೆಯ ಮಧ್ಯೆಯೇ ನಿಂತು ನಕ್ಕೆವು, ನಕ್ಕರೆ ಪಕ್ಕೆ ನೋವು, ನೋವಿಗೆ ಮತ್ತೆ ನಗು.

ಮೈದಾನ ಮುಟ್ಟಿದಾಗ ಮೂರು ಗಂಟೆ ಇಪ್ಪತ್ತು ನಿಮಿಷ. ಶಾಮಿಯಾನ ಬಿಚ್ಚಿದ್ದರು. ಕುರ್ಚಿ ಒಂದರ ಮೇಲೊಂದು ಜೋಡಿಸುತ್ತಿದ್ದ ಮೇಷ್ಟ್ರು ಬೈರಣ್ಣ ನಮ್ಮನ್ನು ನೋಡಿ ಪುಸ್ತಕ ತೆಗೆದರು. "ಎರಡು ಗಂಟೆ ಅಂತ ಹಾಕ್ಲೇನಮ್ಮ? ಯಾರೂ ಇಲ್ಲ" ಎಂದರು ಮೆಲ್ಲಗೆ, ಒಳ್ಳೆಯ ಮನಸ್ಸಿನಿಂದಲೇ. ಅಕ್ಕ ಶಾಲೆಯ ಗೋಡೆಯ ಗಡಿಯಾರ ತೋರಿಸಿದಳು. ಅವರು ಮೂರು ಇಪ್ಪತ್ತು ಎಂದು ಬರೆದು, ಪಕ್ಕದಲ್ಲಿ 'ಅವಧಿ ಮೀರಿ' ಎಂದು ಬರೆದರು. ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿಗೆ ಮುಖ ಮಾಡಿ ಕೂತಿದ್ದಳು. ಅಳುತ್ತಿದ್ದಳು.

ಸೋಮವಾರ ಬೆಳಿಗ್ಗೆ ನನಗೆ ಹಾಸಿಗೆಯಿಂದ ಏಳಲು ಅಮ್ಮ ಕೈ ಕೊಡಬೇಕಾಯಿತು. ಅಕ್ಕ ಮನೆಯಲ್ಲೇ ಇರಲಿಲ್ಲ. ಹತ್ತು ಗಂಟೆಯ ಬಸ್ಸಿನ ಹೊತ್ತಿಗೆ ಬರಿಗಾಲಿನಲ್ಲಿ ಬಂದಳು. ಪಾದ ಊದಿಕೊಂಡು ಚಪ್ಪಲಿ ಹಿಡಿಯುತ್ತಿರಲಿಲ್ಲ. "ಕೊನೇ ದಿನ ಅಲ್ವಾ, ಎರಡು ಊರು ಮುಗಿಸ್ಕೊಂಡು ಬಂದೆ. ಪಾಪಮ್ಮನ ಮಗೂಗೆ ಹೊಕ್ಕುಳು ಒಣಗಿದೆ" ಎಂದಳು. ಹಳ್ಳಿ ಬ್ಯಾಗು, ಹನ್ನೊಂದು ಊರಿನ ಪುಸ್ತಕ ಎರಡನ್ನೂ ಎತ್ತಿಕೊಂಡಳು. ಇಬ್ಬರೂ ಕುಂಟುತ್ತ ಬಸ್ಸು ಹತ್ತಿದೆವು.

ಆಫೀಸಿನಲ್ಲಿ ಡಾಕ್ಟರಿರಲಿಲ್ಲ. "ಸಾಹೇಬ್ರಿಗೆ ಮೈ ಸರಿ ಇಲ್ಲ, ಕ್ವಾರ್ಟರ್ಸಲ್ಲಿದ್ದಾರೆ. ಹೆಂಗೂ ಹೋಗ್ತೀರಲ್ಲ, ಈ ಕಾಗದಗಳನ್ನ ಕೊಟ್ಟು ಸಹಿ ಹಾಕಿಸ್ಕೊಂಡ್ಬನ್ನಿ" ಎಂದು ಜವಾನ ಒಂದೆರಡು ಹಾಳೆ ಅಕ್ಕನ ಕೈಗೆ ತುರುಕಿದ. ಹೋಗಿ ನೋಡಿದರೆ ಡಾಕ್ಟರು ಮಂಚದ ಮೇಲೆ, ಎರಡೂ ಕಾಲಿನ ಕೆಳಗೆ ದಿಂಬು. ಎದ್ದು ಕೂರಲು ಹೋಗಿ "ಅಮ್ಮಾ" ಎಂದು ಮತ್ತೆ ಮಲಗಿದರು. ನಾಲ್ಕೂವರೆ ಗಂಟೆಯಲ್ಲಿ ಓಟ ಮುಗಿಸಿದ ಕಾಲುಗಳು ಅವು.

ಅಕ್ಕನಿಗೆ ರೋಗಿಯನ್ನು ಕಂಡರೆ ಬೇರೇನೂ ಕಾಣುವುದಿಲ್ಲ. ಬ್ಯಾಗು ಇಟ್ಟವಳೇ ಅವರ ಅಡುಗೆಮನೆಗೆ ಹೋಗಿ ಬಿಸಿನೀರಿಗೆ ಉಪ್ಪು ಹಾಕಿ ತಂದು, ಅವರ ಪಾದ ಅದ್ದಿ, ಬೊಕ್ಕೆಗಳಿಗೆ ಮುಲಾಮು ಹಚ್ಚಿ ಬಟ್ಟೆ ಸುತ್ತಿದಳು. ಡಾಕ್ಟರು ಅವಳ ಬರಿಗಾಲನ್ನೇ ನೋಡುತ್ತಿದ್ದರು.

"ನಿನ್ನೆ ನೀವು ಮುಗಿಸಿದ್ರಾ?"

"ಮುಗಿಸಿದೆ ಸಾರ್. ಮೂರು ಇಪ್ಪತ್ತಕ್ಕೆ. ಅವಧಿ ಮೀರಿತ್ತು."

ನನಗೆ ತಡೆಯಲಾಗಲಿಲ್ಲ. ಹದಿಮೂರನೇ ಕಲ್ಲಿನ ವಿಷಯ, ಅಲ್ಲೇ ತಿರುಗೋಣ ಎಂದು ನಾನು ಹೇಳಿದ್ದು, ಅವಳು ಒಪ್ಪದೆ ಇದ್ದದ್ದು, ಬೆಳಿಗ್ಗೆ ಎರಡು ಊರು ಸುತ್ತಿ ಬಂದದ್ದು, ಎಲ್ಲವನ್ನೂ ಜಗಳಕ್ಕೆ ಬಂದವನ ಹಾಗೆ ಹೇಳಿಬಿಟ್ಟೆ. ಅಕ್ಕ ನನ್ನ ತೊಡೆ ಚಿವುಟಿದಳು. ಡಾಕ್ಟರು ಜವಾನ ಕಳಿಸಿದ್ದ ಹಾಳೆಗಳನ್ನು ತೆಗೆದುಕೊಂಡು, ದಿಂಬಿಗೆ ಒರಗಿ, ಒಂದರ ಮೇಲೆ ಬರೆದು ಸಹಿ ಹಾಕಿ ಅಕ್ಕನಿಗೆ ಕೊಟ್ಟರು.

ನಾನೂ ಬಗ್ಗಿ ನೋಡಿದೆ. ದೊಡ್ಡದಾಗಿ 'ಅನ್‌ಫಿಟ್' ಎಂದಿತ್ತು.

ಅಕ್ಕ ಅದನ್ನು ಎರಡು ಸಲ ಓದಿದಳು. "ಆಗ್ಲಿ ಸಾರ್" ಎಂದಳು. ಬ್ಯಾಗನ್ನು ಎರಡೂ ಕೈಯಿಂದ ಎತ್ತಿ ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟಳು. ಅದರ ಮೇಲೆ ಪುಸ್ತಕ ಇಟ್ಟಳು. "ಇದರಲ್ಲಿ ಹದಿನೈದು ಜನ ಇದ್ದಾರೆ ಸಾರ್, ಇಬ್ಬರಿಗೆ ಹೆರಿಗೆ ಆಯ್ತು. ಬರೋ ನರ್ಸಮ್ಮಂಗೆ ಹೇಳಿ, ಮುತ್ಯಾಲಮ್ಮಂಗೆ ಹೋದ ಸಲ ತುಂಬಾ ರಕ್ತ ಹೋಗಿತ್ತು, ಅವಳನ್ನ ಮನೇಲಿ ಹೆರಿಗೆ ಮಾಡಿಸೋದು ಬೇಡ, ಮೊದಲೇ ಇಲ್ಲಿಗೆ ಕರ್ಕೊಂಡ್ಬರಲಿ ಅಂತ. ಮರೀಬೇಡಿ."

"ಕದಿರಮ್ಮನೋರೇ, ಮೇಲೆ ಯಾರ ಹೆಸರಿದೆ ನೋಡಿ."

ಅಕ್ಕ ಕಣ್ಣೊರೆಸಿಕೊಂಡು ಕಾಗದವನ್ನು ಬೆಳಕಿಗೆ ಹಿಡಿದಳು.

"ಅದು ನನ್ನ ರಜೆ ಅರ್ಜಿ" ಎಂದರು ಡಾಕ್ಟರು. "ಇವತ್ತು ಕೆಲಸಕ್ಕೆ ಬರೋಕೆ ಆಗದೆ ಮಲಗಿರೋನು ನಾನು." ಅಕ್ಕನ ಹೆಸರಿದ್ದ ಇನ್ನೊಂದು ಹಾಳೆಯನ್ನು ಎತ್ತಿ ಹಿಡಿದು, ನಾಲ್ಕು ತುಂಡಾಗಿ ಹರಿದು, ಮಂಚದ ಕೆಳಗೆ ಹಾಕಿದರು. "ಮುತ್ಯಾಲಮ್ಮನ್ನ ನೀವೇ ಕರ್ಕೊಂಡ್ಬನ್ನಿ. ನನಗೆ ಇಷ್ಟೆಲ್ಲ ನೆನಪಿರಲ್ಲ."

ಅಕ್ಕ ಅಲ್ಲೇ ನೆಲದ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನೂ ಅತ್ತೆ, ಅದಕ್ಕೆ ನನಗೆ ನಾಚಿಕೆಯಿಲ್ಲ. ಸ್ವಲ್ಪ ಹೊತ್ತಿಗೆ ಅವಳು ಸ್ಟೂಲು ಹಿಡಿದುಕೊಂಡು ಎದ್ದು ಬ್ಯಾಗನ್ನು ಹೆಗಲಿಗೆ ಹಾಕಿಕೊಂಡಳು, ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು.

"ಸಂಜೆ ಇನ್ನೊಂದು ಸಲ ಉಪ್ಪುನೀರಲ್ಲಿ ಕಾಲಿಡಿ ಸಾರ್. ಆವ್ಲ, ಹನ್ನೆರಡೂವರೆ ಬಸ್ಸು ಸಿಗುತ್ತೇನೋ? ಇನ್ನೂ ಒಂಬತ್ತು ಊರಿವೆ."